ದೊಡ್ಡ ಪಾದದ ಕಲ್ಲು

ಕಲ್ಲಕ್ಕನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಹಳೇ ಕಾಲದ ನಾವಿಕರು ಕೆತ್ತಿಟ್ಟು ಹೋದ ಕಲ್ಲುಗಳನ್ನು ಕಾಯುವವಳು, ಆದ್ದರಿಂದ ಕಲ್ಲಕ್ಕ, ಮುಗಿಯಿತು. ಆ ದ್ವೀಪದಲ್ಲಿ ಮನುಷ್ಯಳು ಅಂತ ಇದ್ದವಳು ಅವಳೊಬ್ಬಳೇ. ಗಂಡ ಹೋದಮೇಲೆ ಅವನ ಕೆಲಸ, ಅವನ ಬೀಗದ ಕೈ ಎರಡೂ ಇವಳ ಕೊರಳಿಗೆ ಬಿದ್ದವು. ಮಗಳು ಮದುವೆಯಾಗಿ ಆಚೆ ದಡ ಸೇರಿದಳು. ಇನ್ನೊಬ್ಬ ಕಾವಲುಗಾರ ಬಂದು ಬೀಗದ ಕೈ ಇಸಿದುಕೊಳ್ಳುವವರೆಗೂ ಇವಳು ಜಾಗ ಬಿಡುವಂತಿಲ್ಲ. ಆ ಇನ್ನೊಬ್ಬನೇನು ಬಂದನೇ? ಬರುತ್ತಾನೆ, ಬರುತ್ತಾನೆ ಎಂದು ಕಚೇರಿಯವರು ಮೂಗಿಗೆ ತುಪ್ಪ ಸವರಿದ್ದೇ ಬಂತು.

ಕೆಲಸವೇನೋ ಕಷ್ಟದ್ದಲ್ಲ. ಕೆತ್ತಿದ್ದೆಲ್ಲ ಸವೆದು, ಒಣಗಿದಾಗ ಬರೀ ಕಲ್ಲಾಗಿ ಕಾಣುತ್ತಿತ್ತು. ನಡುಮಧ್ಯಾಹ್ನ ಲಾಂಚಿನಲ್ಲಿ ಜನ ಬಂದಾಗ ಬಕೆಟ್ಟಿನಿಂದ ಬೊಗಸೆ ನೀರು ಎರಚಬೇಕು. ಆಗ ಹಡಗು, ಲಂಗರು, ಯಾವುದೋ ದೇಶದ ಅಕ್ಷರ ಒಂದೊಂದಾಗಿ ಎದ್ದು ಬರುತ್ತವೆ. ಗಾಳಿಯಿಲ್ಲದೆ ಹಡಗು ನಿಂತುಹೋದಾಗ ನಾವಿಕರು ಹೊತ್ತು ಹೋಗದೆ ಕೆತ್ತಿದ್ದು ಎಂದು ಇವಳು ಹೇಳುತ್ತಿದ್ದಳು. ಕೊನೆಯಲ್ಲಿ, ಬಂಡೆಯ ಪಡುವಣ ಮಗ್ಗುಲಲ್ಲಿ, ಒಂದೇ ಒಂದು ಪಾದ. ಕಾಯಿಲೆ ಬಿದ್ದನೆಂದು ಒಬ್ಬನನ್ನು ಇಲ್ಲೇ ಬಿಟ್ಟು ಹೋದರಂತೆ, ಊರಲ್ಲಿ ಅವನ ಹೆಂಡತಿ ತುಂಬಿದ ಬಸುರಿಯಂತೆ, ಹುಟ್ಟಿದ ಮಗುವಿನ ಪಾದ ಊಹಿಸಿಕೊಂಡು ಕೆತ್ತಿದನಂತೆ.

ಇಲ್ಲಿಗೆ ಬಂದಾಗ ಕಲ್ಲಕ್ಕ ತನ್ನ ತಮಾಷೆ ಹಾರಿಸುವಳು. "ನೋಡ್ರಪ್ಪ, ಹುಟ್ಟಿದ ಮಗೂಗೆ ಇಷ್ಟು ದೊಡ್ಡ ಪಾದ ಇರುತ್ತಾ? ನಾಳೆನೇ ಎದ್ದು ಓಡ್ಬೇಕಿತ್ತಾ? ಗಂಡಸರಿಗೆ ಮಗು ಅಂದ್ರೆ ಇಷ್ಟೇ ಗೊತ್ತಿರೋದು!" ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರು ನಗುನಗುತ್ತಲೇ ಲಾಂಚು ಹತ್ತಿ ಹೋಗುತ್ತಿದ್ದರು, ಇವಳು ಬಕೆಟ್ಟು ಬೋರಲು ಹಾಕಿ ಕೋಣೆಗೆ ಬರುತ್ತಿದ್ದಳು. ಆಮೇಲೂ ಆ ಕಲ್ಲುಗಳ ಮುಖ ನೋಡಲು ಅವಳಿಗೇನು ತಲೆ ಕೆಟ್ಟಿತ್ತೇ?

ಈ ವರ್ಷ ಮಗಳೇ ಬಸುರಿ, ಚೊಚ್ಚಲು. "ಅಮ್ಮ ಪಕ್ಕದಲ್ಲಿ ಇಲ್ಲದಿದ್ರೆ ನಾನು ಸತ್ತೇಹೋಗ್ತೀನಿ" ಎಂದು ಲಾಂಚು ನಡೆಸುವ ಸಾರಂಗನ ಬಾಯಲ್ಲಿ ಹೇಳಿ ಕಳಿಸಿದ್ದಳು. ದ್ವೀಪಕ್ಕೆ ಫೋನಿಲ್ಲ, ಸುದ್ದಿ ಅಂದರೆ ಸಾರಂಗನ ಬಾಯಿಯೇ. ಕಲ್ಲಕ್ಕನಿಗೆ ಅನ್ನ ಇಳಿಯಲಿಲ್ಲ. ಸಮುದ್ರ ಕೆಡುವ ಕಾಲ ಬೇರೆ ಹತ್ತಿರವಾಗಿತ್ತು. ಬಂದರು ಒಮ್ಮೆ ಮುಚ್ಚಿತೆಂದರೆ ಗಾಳಿ ತಿರುಗುವವರೆಗೆ ಯಾವ ಲಾಂಚಿಗೂ ಅಪ್ಪಣೆಯಿಲ್ಲ. ಅಷ್ಟರಲ್ಲಿ ಮಗು ಹುಟ್ಟಿ ತೆವಳುತ್ತಿರುತ್ತದೆ.

ಕೊನೆಯ ಲಾಂಚಿನಲ್ಲಿ, ಪವಾಡವೇ ಸರಿ, ಹೊಸ ಕಾವಲುಗಾರ ಬಂದಿಳಿದ. ಎಣ್ಣೆ ಹಚ್ಚಿ ಬಾಚಿದ ತಲೆ, ಮಿರಮಿರ ಮಿಂಚುವ ಶೂ. ಕಲ್ಲಕ್ಕ ಅವನಿಗೆ ನೀರಿನ ತೊಟ್ಟಿ ತೋರಿಸಿದಳು, ಅಕ್ಕಿ ಡಬ್ಬ ತೋರಿಸಿದಳು, ಒಂದೇ ಮಂಚದ ಕೋಣೆ ತೋರಿಸಿದಳು.

"ಇಲ್ಲಿ ರಾತ್ರಿ ಯಾರಿರ್ತಾರೆ ಅಕ್ಕಾ?"

"ನೀನೇ ಇರ್ತೀಯ."

"ಅಲ್ಲ, ನನ್ನ ಬಿಟ್ಟು?"

"ನಿನ್ನ ಬಿಟ್ಟು ಇನ್ಯಾರು ಬರ್ತಾರಪ್ಪ, ಹಲ್ಲಿ ಇದೆ, ಅಷ್ಟೇ."

ಅವನ ಮುಖ ಪೆಚ್ಚಾಯಿತು. ಕಲ್ಲಕ್ಕ ಅದನ್ನು ನೋಡಬೇಕಿತ್ತು. ಖುಷಿಯಲ್ಲಿ ಕಣ್ಣು ಕಂಡೀತೇ? ಅವನ ಕೈಗೆ ಬೀಗದ ಕೈ ಹಾಕಿ, ಪೆಟ್ಟಿಗೆ ಎತ್ತಿಕೊಂಡು ಹೊರಟೇಬಿಟ್ಟಳು. ಲಾಂಚು ಹತ್ತುವ ಕಟ್ಟೆಗೆ ಅರ್ಧ ದಾರಿ ಬಂದಾಗ ನೆನಪಾಯಿತು. ಮಗುವಿಗೆಂದು ಹಳೇ ಬಟ್ಟೆ ಸೇರಿಸಿ ಹೊಲಿದ ಪುಟ್ಟ ಹೊದಿಕೆ ಕೋಣೆಯ ಹಿಂದಿನ ಹಗ್ಗದ ಮೇಲೇ ಉಳಿದಿತ್ತು.

"ನೀವು ಹೋಗಿ ತನ್ನಿ ಅಕ್ಕಾ, ಪೆಟ್ಟಿಗೆ ನಾನು ಏರಿಸ್ತೀನಿ" ಎಂದ ಹಿಂದೆಯೇ ಬಂದ ಹೊಸಬ. ಎಂಥ ಒಳ್ಳೇ ಹುಡುಗ ಅಂದುಕೊಂಡಳು ನಮ್ಮ ಕಲ್ಲಕ್ಕ!

ಸಾರಂಗನದೊಂದು ಪದ್ಧತಿ. ಅವನು ಮುಖ ನೋಡುವವನಲ್ಲ, ಹಿಂಬದಿಯ ಚುಕ್ಕಾಣಿ ಕೋಣೆಯಿಂದಲೇ, ತನಗೆ ಬೆನ್ನು ಹಾಕಿ ಕೂತವರ ತಲೆ ಎಣಿಸುವವನು. ಬಂದ ತಲೆಯಷ್ಟೇ ಹೋಗಬೇಕು. ಆವತ್ತು ಒಬ್ಬ ಇಳಿದಿದ್ದ, ಒಬ್ಬಳು ಹತ್ತಬೇಕಿತ್ತು, ಲೆಕ್ಕ ಅಷ್ಟೇ. ಎಣಿಸಿದ, ಸರಿಹೋಯಿತು. ಕಲ್ಲಕ್ಕನ ಪೆಟ್ಟಿಗೆಯೂ ಕಣ್ಣೆದುರೇ ಇತ್ತು. ಹಾರ್ನ್ ಹೊಡೆದ.

ಕಲ್ಲಕ್ಕ ಹೊದಿಕೆ ಎದೆಗವಚಿಕೊಂಡು ಓಡಿಬಂದಾಗ ಕಟ್ಟೆಗೂ ಲಾಂಚಿಗೂ ನಡುವೆ ನೀರು ಅಗಲವಾಗುತ್ತಿತ್ತು. ಕಟ್ಟೆಯ ಮೇಲೆ ಬೀಗದ ಕೈ ಬಿದ್ದಿತ್ತು. ಕೊನೆಯ ಬೆಂಚಿನಲ್ಲಿ, ಅವಳ ಪೆಟ್ಟಿಗೆಯ ಪಕ್ಕ, ಎಣ್ಣೆ ಹಚ್ಚಿದ ತಲೆ ಬಗ್ಗಿಕೊಂಡು ಕೂತಿತ್ತು.

"ಏಯ್! ನಿಲ್ಸೋ! ಸಾರಂಗಾ, ಅವನ ಮುಖ ನೋಡೋ! ನನ್ನ ಮಗಳೋ!" ಗಂಟಲು ಹರಿದುಹೋಗುವಂತೆ ಕೂಗಿದಳು. ಎಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಇವಳು ಕೈಬೀಸುವುದನ್ನು ಕಂಡ ಹೆಂಗಸೊಬ್ಬಳು, ಪಾಪ, ತಾನೂ ನಗುತ್ತ ಕೈಬೀಸಿದಳು. ಸಾರಂಗನಿಗೆ ಗೊತ್ತಾಗುವುದು ಆಚೆ ದಡದಲ್ಲಿ. ಅಷ್ಟರಲ್ಲಿ ಬಂದರು ಮುಚ್ಚಿರುತ್ತದೆ.

ಅತ್ತಳು. ಹೊಸಬನಿಗೆ, ಅವನನ್ನು ಹೆತ್ತವರಿಗೆ, ಕಚೇರಿಗೆ, ಸತ್ತ ಗಂಡನಿಗೂ ಬಾಯಿಗೆ ಬಂದಂತೆ ಬೈದಳು. ಕೋಣೆಗೆ ಕಾಲಿಡಲು ಮನಸ್ಸಾಗಲಿಲ್ಲ. ಎದ್ದವಳು ಎತ್ತೆತ್ತಲೋ ಹೆಜ್ಜೆ ಹಾಕಿ ಬಂಡೆಯ ಪಡುವಣ ಮಗ್ಗುಲಿಗೆ ಬಂದಳು. ಆ ಹೊತ್ತಿನಲ್ಲಿ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಅಲೆ ಹಾರಿ ಕಲ್ಲು ತಾನೇ ನೆನೆದಿತ್ತು. ಇಳಿಬಿಸಿಲು ಓರೆಯಾಗಿ ಬೀಳುತ್ತಿತ್ತು.

ದೊಡ್ಡ ಪಾದದ ಒಳಗೆ ಇನ್ನೊಂದು ಪಾದವಿತ್ತು. ಅದರೊಳಗೆ ಮತ್ತೊಂದು. ಕೂದಲೆಳೆಯಂಥ ಗೆರೆಗಳು, ನಡುಮಧ್ಯಾಹ್ನದ ಬಿಸಿಲಿನಲ್ಲಿ ಎಂದೂ ಕಾಣದಂಥವು. ಕಲ್ಲಕ್ಕ ಮಂಡಿಯೂರಿ ಬೆರಳಿಂದ ಒಂದೊಂದನ್ನೇ ಸವರಿದಳು. ಎಲ್ಲಕ್ಕಿಂತ ಒಳಗಿನದು ಅವಳ ನಡುಬೆರಳಿನಷ್ಟು ಉದ್ದ, ಆಗತಾನೇ ಹುಟ್ಟಿದ ಮಗುವಿನದು, ಅಳತೆ ಒಂಚೂರೂ ತಪ್ಪಿರಲಿಲ್ಲ. ಊರಲ್ಲಿ ಮಗು ಬೆಳೆದಂತೆಲ್ಲ ಅವನು ಇಲ್ಲಿ ಪಾದ ದೊಡ್ಡದು ಮಾಡುತ್ತಾ ಹೋಗಿದ್ದ.

"ಅಯ್ಯೋ ನನ್ನಪ್ಪಾ," ಎಂದಳು ಕಲ್ಲಕ್ಕ, "ನಿನ್ನನ್ನ ನೋಡಿ ಎಷ್ಟು ಜನಾನ ನಗಿಸಿಬಿಟ್ಟೆನಲ್ಲೋ."

ಹೊದಿಕೆಯನ್ನು ಮಡಚಿ ಆ ಪಾದದ ಮೇಲೆ ಹಾಸಿದಳು. ಅಲೆ ಬಂದು ಅದನ್ನು ತೋಯಿಸಿತು. ಅವಳು ಅಲ್ಲೇ ಕೂತಳು.