ಮನೆಯವರನ್ನು ಕಚ್ಚದ ಕಾವಲು

ಬೆಳಿಗ್ಗೆ ಸರಿಯಾಗಿಯೇ ಇರುತ್ತಿದ್ದ ಮೇಷ್ಟ್ರ ಎಡಗಣ್ಣಿನ ರೆಪ್ಪೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಮುಚ್ಚಿಕೊಳ್ಳುತ್ತಿತ್ತು. ಅದನ್ನು ಬೆರಳಿನಿಂದ ಎತ್ತಿ ಹಿಡಿದುಕೊಂಡೇ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಹೇಳುತ್ತಿದ್ದರು. ಕೂತು ಪಾಠ ಮಾಡಿದ ಆಸಾಮಿಯೇ ಅಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಟ. ನೋಡುತ್ತಿದ್ದ ನಮಗೇ ಸುಸ್ತು.

ಎಂಬತ್ತರ ದಶಕದ ಕೋಲಾರ. ಮುಳಬಾಗಿಲು ಕಡೆಯ ಅವರು ನಮ್ಮ ಮನೆಯ ಬೀದಿ ಕೋಣೆಯಲ್ಲಿ ಬಾಡಿಗೆಗಿದ್ದರು. ಸಂಜೆಯಾದರೆ ಅವರ ನಾಲಿಗೆ ತೊದಲುತ್ತಿತ್ತು. ಇದು ಕುಡಿತವೇ ಎಂದು ಬೀದಿಯವರು ತೀರ್ಮಾನಿಸಿದರು, ನಮ್ಮಜ್ಜಿಯೂ ನಂಬಿದಳು. ಒಂದು ಸಂಜೆ ಜಗಲಿಯಲ್ಲಿ ಅಡ್ಡ ನಿಂತು, "ಮೇಷ್ಟ್ರೇ, ಒಸಿ ಬಾಯಿ ಊದಿ" ಎಂದೇಬಿಟ್ಟಳು. ನಾಚಿಕೆಯಿಂದ ನಾನು ಕುಗ್ಗಿಹೋದೆ. ಅವರು ಊದಿದರು. ವಾಸನೆಯಿರಲಿಲ್ಲ.

"ಲವಂಗ ಅಗಿದಿರ್ತೀರ. ತಿಂಗಳ ಕೊನೆಗೆ ಕೋಣೆ ಬಿಟ್ಕೊಡಿ."

ಮೇಷ್ಟ್ರು ರೇಗಲಿಲ್ಲ. "ಅಜ್ಜಿ, ತೋಟ ಕಾಯಕ್ಕೆ ನಾಯಿಮರಿ ಹೆಂಗೆ ಆರಿಸ್ತೀರ?"

"ಕರೆದ್ರೆ ಮನೆಯೋರ ಗುರುತೇ ಹತ್ತದ್ದು ಬೇಡ. ಮನೆಯೋರನ್ನೇ ಕಚ್ಚೋದೂ ಬೇಡ."

ಅವರು ಎದೆಮೂಳೆ ಮುಟ್ಟಿಕೊಂಡರು. "ಇದರ ಹಿಂದೆ ಥೈಮಸ್ ಅಂತ ಗ್ರಂಥಿ ಐತೆ. ಮೈ ಕಾಯೋ ಟಿ ಕಣಗಳನ್ನ ಅದೂ ಹಿಂಗೇ ಆರಿಸ್ತದೆ. ನಮ್ಮೋರ ಗುರುತೇ ಹಿಡೀದವು ಅಲ್ಲೇ ಸಾಯ್ತವೆ. ನಮ್ಮೋರ ಮೇಲೇ ಎಗರೋವೂ ಸಾಯ್ತವೆ. ಉಳಿದ ಕೆಲವೇ ಕಾವಲಿಗೆ. ನನ್ನ ಮೈಯಲ್ಲಿ ಆ ಆರಿಸೋದು ತಪ್ಪಿದೆ ಅಜ್ಜಿ. ಕಾವಲಿಗೆ ಬಿಟ್ಟವೇ ನನ್ನನ್ನ ಕಚ್ತಾವೆ. ಅದಕ್ಕೇ ಕಣ್ಣು, ನಾಲಿಗೆ ಎಲ್ಲಾ ಸಂಜೆಗೆ ಸೋಲ್ತವೆ. ಬೆಂಗಳೂರಿಗೆ ಹೋಗಿ ಆ ಗ್ರಂಥೀನೇ ತೆಗೆಸ್ಕೋಬೇಕು."

"ಅಯ್ಯೋ ನಾಯನಾ, ನನ್ನಪ್ಪಾ" ಎಂದಳು ಅಜ್ಜಿ. ಮುದ್ದೆ ನುಂಗಲಾರದ ಅವರಿಗೆ ಅಂದಿನಿಂದ ದಿನವೂ ತೆಳ್ಳಗೆ ರಾಗಿ ಗಂಜಿ ಕಾಯಿಸಿ ಕೊಟ್ಟಳು. ಆದರೆ ಕೋಣೆ ಬಿಡಬೇಡಿ ಎನ್ನುವ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ. ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ನಾನು ಒಳಗೂ ಹೊರಗೂ ಚಡಪಡಿಸಿದೆ. ಗಂಜಿ ಕೊಟ್ಟ ಮೇಲೆ ಬೇರೆ ಹೇಳುವುದೇನಿದೆ ಎಂದುಕೊಂಡಿದ್ದಳೋ ಏನೋ.

ತಿಂಗಳ ಕೊನೆಗೆ ಮೇಷ್ಟ್ರು ಟ್ರಂಕು, ಹಾಸಿಗೆ ಎಲ್ಲವನ್ನೂ ಕಟ್ಟಿ, ಕೋಣೆ ಗುಡಿಸಿ, ಬೀಗದ ಕೈಯನ್ನು ಅಜ್ಜಿಯ ಕೈಗಿಟ್ಟರು. "ತಿಂಗಳ ಕೊನೆಗೆ ಅಂದಿದ್ರಲ್ಲ ಅಜ್ಜಿ" ಎಂದು ನಕ್ಕು ಬೆಂಗಳೂರಿನ ಬಸ್ಸು ಹತ್ತಿದರು.

ಆಪರೇಷನ್ ಆದ ಮೇಲೆ ಉಸಿರಾಟ ಸೋತು ಅವರು ಅಲ್ಲೇ ತೀರಿಕೊಂಡರು. ಸುದ್ದಿ ಬಂದ ದಿನ ಅಜ್ಜಿ ಖಾಲಿ ಕೋಣೆಯ ಹೊಸ್ತಿಲ ಮೇಲೆ ಕೂತಳು.

"ನಾನೂ ಮನೆಯೋನ್ನೇ ಕಚ್ಚಿಬಿಟ್ಟೆ ಕಣೇ" ಎಂದಳು.