ಅವಳಿಗಲ್ಲ, ನನಗೆ ಹೇಳು

ಮೊನ್ನೆ ಅಬುಧಾಬಿಯ ಖಾಲಿದಿಯಾದಲ್ಲಿರುವ ನಮ್ಮ ಬಿಲ್ಡಿಂಗಿನ ಲಿಫ್ಟಿನೊಳಗೆ ಕೆಸುವಿನ ಎಲೆ ಬೆಂದ ವಾಸನೆ. ಯಾರ ಮನೆಯಲ್ಲೋ ಪತ್ರೊಡೆ ಇರಬೇಕು. ನನಗೆ ನೆನಪಾದದ್ದು ಮಾತ್ರ ಊರಲ್ಲ, ಎದುರು ಮನೆಯಲ್ಲಿದ್ದ ಹವಾಯಿ ದ್ವೀಪದ ಟೀಚರ್...

ಅವರು ಇಲ್ಲಿಯ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದರು. ನನ್ನ ಕೈಯಲ್ಲಿ ಕೆಸುವಿನೆಲೆ ಕಂಡು, ನಮ್ಮಲ್ಲೂ ಇದನ್ನು ತಿನ್ನುತ್ತೇವೆ ಅನ್ನುತ್ತಾ ಸೀದಾ ಅಡಿಗೆಮನೆಗೇ ಬಂದುಬಿಟ್ಟ ಹೆಂಗಸು. ಬಳಕೆ ಶುರುವಾದದ್ದು ಹಾಗೆ.

ಆಗ ನಾನೂ ಅಕ್ಕನೂ ಮಾತು ಬಿಟ್ಟು ಎರಡು ವರ್ಷ. ಅಕ್ಕ ದುಬೈಯ ಮುರಕ್ಕಬಾತ್‌ನಲ್ಲಿ, ನಾನು ಇಲ್ಲಿ ಅಬುಧಾಬಿಯಲ್ಲಿ. ಜಗಳದ ಕಾರಣ ಇದು: ನಾನು ಏಳು ತಿಂಗಳ ಬಸುರಿ, ಅದೂ ಬೆಡ್ ರೆಸ್ಟ್‌ನಲ್ಲಿದ್ದಾಗ ಮಂಗಳೂರಿನಲ್ಲಿ ಅಮ್ಮ ತೀರಿಕೊಂಡರು. ಅಕ್ಕ ಒಬ್ಬಳೇ ಹೋಗಿ ಬಂದಳು. ನನಗೆ ಹೇಳಿದ್ದು, ಅಮ್ಮನಿಗೆ ಸ್ವಲ್ಪ ಜ್ವರ ಅಂತ. ನಿಜ ಗೊತ್ತಾದದ್ದು ಹದಿಮೂರನೆಯ ದಿನದ ಉತ್ತರಕ್ರಿಯೆ, ಬೊಜ್ಜವೂ ಮುಗಿದ ಮೇಲೆ. ಮೊದಲೇ ನನ್ನ ಸಿಟ್ಟು ಮೂಗಿನ ತುದಿಯಲ್ಲಿ. ಅವಳ ನಂಬರನ್ನೇ ಬ್ಲಾಕ್ ಮಾಡಿದೆ.

ಇದನ್ನೆಲ್ಲ ನನ್ನಿಂದ ಕೇಳಿದ್ದ ಟೀಚರ್ ಒಂದು ಶನಿವಾರ ಅಕ್ಕನನ್ನು ಕರೆಸಿ ಇಬ್ಬರನ್ನೂ ಎದುರುಬದುರು ಕೂರಿಸಿದರು. ಅವರ ಊರಿನ ಮನೆಗಳಲ್ಲಿ ಜಗಳ ಬಿಡಿಸುವ ಕ್ರಮವಂತೆ: ಹಿರಿಯರೊಬ್ಬರು ನಡುವೆ ಕೂರಬೇಕು, ಮೊದಲು ಪ್ರಾರ್ಥನೆ, ಆಮೇಲೆ ಮಾತು. ಆದರೆ ಜಗಳವಾಡಿದವರು ಒಬ್ಬರಿಗೊಬ್ಬರು ಹೇಳುವಂತಿಲ್ಲ. ಏನಿದ್ದರೂ ಆ ಹಿರಿಯರಿಗೇ ಹೇಳಬೇಕು.

ನಾನು ಎರಡನೇ ಮಾತಿಗೇ ಅಕ್ಕನ ಕಡೆ ಬೆರಳು ಚಾಚಿದೆ.

"ಅವಳಿಗಲ್ಲ, ನನಗೆ ಹೇಳು" ಅಂದರು ಟೀಚರ್.

ಸಿಟ್ಟಿನಲ್ಲಿ ಇಂಗ್ಲಿಷ್ ಎಲ್ಲಿ ಬರುತ್ತದೆ ಮಾರಾಯ್ರೆ! ತುಳುವೇ ಬಾಯಿಗೆ ಬಂದು ಮಾತು ನಿಲ್ಲಿಸಿದೆ. "ನಿನ್ನ ಭಾಷೆಯಲ್ಲೇ ಹೇಳು. ನನಗೆ ಅರ್ಥವಾಗಬೇಕೆಂದಿಲ್ಲ, ಅವಳಿಗಾದರೆ ಸಾಕು" ಅಂದರು.

ಎರಡು ವರ್ಷದ್ದೆಲ್ಲ ಕಾರಿದೆ. ಆದರೆ ಏನೂ ತಿಳಿಯದೆ ನನ್ನನ್ನೇ ನೋಡುತ್ತಿದ್ದ ಆ ಮುಖಕ್ಕೆ ಎಷ್ಟು ಹೊತ್ತು ಅಂತ ಬೈಯುವುದು? ಕೊನೆಗೆ, ಅಮ್ಮನ ಮುಖ ಕಾಣಲಿಕ್ಕಾಗಲಿಲ್ಲ ಅಂತ ಅತ್ತೆ. ಆಮೇಲೆ ಅಕ್ಕ, ಅವಳೂ ಟೀಚರನ್ನೇ ನೋಡುತ್ತಾ, ಹೇಳಿದಳು: "ಮಗುವಿಗೂ ಏನಾದರೂ ಆದರೆ ಅಂತ ಹೆದರಿದೆ. ತಪ್ಪಾಯಿತು. ಅಲ್ಲಿ ಒಟ್ಟಿಗೆ ಕೂತು ಅಳಲಿಕ್ಕೆ ನನಗೂ ಯಾರೂ ಇರಲಿಲ್ಲ."

ಅದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ...

ಕ್ಷಮೆ ಕೇಳಿದ್ದಾಯಿತು, ಕೊಟ್ಟದ್ದಾಯಿತು. ಇನ್ನು ಈ ವಿಷಯ ಎತ್ತಬಾರದು, ಖಲಾಸ್ ಅಂದರು ಟೀಚರ್. ಮೂವರೂ ಊಟ ಮಾಡಿದೆವು.

ಕೆಲಸ ಮುಗಿಸಿ ಅವರು ತಮ್ಮ ದ್ವೀಪಕ್ಕೆ ಹಿಂದಿರುಗಿ ವರ್ಷಗಳಾದವು. ಕಳೆದ ತಿಂಗಳು ನಾನು ಆಪರೇಷನ್ ಆಗಿ ಮಲಗಿದ್ದೆ. ಒಂದು ಬೆಳಿಗ್ಗೆ ಅಕ್ಕ ದುಬೈಯಿಂದ ಬಸ್ಸು ಹಿಡಿದು ಬಂದಳು. ಬ್ಯಾಗು ಇಳಿಸುವ ಮೊದಲೇ ಹೇಳಿದಳು: "ಟೀಚರ್ ತೀರಿಹೋದರಂತೆ. ನಿನ್ನೆ ರಾತ್ರಿ ಅವರ ಮಗಳ ಮೆಸೇಜ್ ಬಂತು. ಈಗ ಹೇಳಬೇಡ ಅಂದರು ನಿನ್ನ ಭಾವ, ನಾನು ಕೇಳಲಿಲ್ಲ."

ಇಬ್ಬರೂ ಒಟ್ಟಿಗೆ ಕೂತು ಅತ್ತೆವು.