ತಪ್ಪಿನ ಮೇಲೆ ಒಂದೇ ಗೆರೆ

ಬೆಳಗಿನ ಐದು ಮುಕ್ಕಾಲು. ಆಸ್ಪತ್ರೆಯ ನೆಲಮಹಡಿಯ ಕೊನೆಯ ಕೋಣೆಯಲ್ಲಿ ದೀಪ ಹತ್ತುತ್ತದೆ. ಮಾಸಿದ ನೀಲಿ ಸ್ವೆಟರ್ ತೊಟ್ಟ, ಅರವತ್ತಕ್ಕೆ ಎರಡು ತಿಂಗಳು ಬಾಕಿಯಿರುವ ನರ್ಸ್ ಒಬ್ಬರು ಮೊದಲು ಗೋಡೆಯ ಗಡಿಯಾರ ನೋಡುತ್ತಾರೆ, ಆಮೇಲೆ ತಮ್ಮ ಕೈಗಡಿಯಾರ. ಎರಡೂ ಒಂದೇ ಮಾತು ಹೇಳಿದ ಮೇಲೆ ಮೂಲೆಯ ದೊಡ್ಡ ಫ್ರೀಜರಿನ ಮುಂದೆ ನಿಂತು, ಸೊನ್ನೆಗಿಂತ ಎಪ್ಪತ್ತೊಂಬತ್ತು ಡಿಗ್ರಿ ಕೆಳಗೆ ಎಂದು ಬರೆದುಕೊಳ್ಳುತ್ತಾರೆ. "ಆರಾಮಾಗಿದ್ದಾನೆ," ಎನ್ನುತ್ತಾರೆ, ಮಗುವಿನ ಹಣೆ ಮುಟ್ಟಿ ನೋಡಿ ಬಂದವರ ಹಾಗೆ.

ಕಿಟಕಿಯ ಬಳಿ ಒಬ್ಬ ಯುವ ವೈದ್ಯೆ ನಿಂತಿದ್ದಾಳೆ. ಇಲ್ಲಿ ಎಲ್ಲರೂ ಅವಳನ್ನು ಮರಿ ಡಾಕ್ಟರ್ ಎನ್ನುತ್ತಾರೆ. ಅವಳ ಕಣ್ಣು ಗೇಟಿನ ಮೇಲೆ.

"ಅವರು ಬರ್ತಾರಾ ಅಕ್ಕಾ?"

"ಬಂದ್ರೆ ಬರ್ತಾರೆ. ಬರದೇ ಇರೋ ಹಕ್ಕೂ ಅವರದೇ. ನೀನು ಟ್ಯೂಬಿಗೆ ಚೀಟಿ ಅಂಟಿಸು."

ಬರಬೇಕಾದವರು ನಿವೃತ್ತ ಬಸ್ ಚಾಲಕರೊಬ್ಬರು. ಅವರು ಬಾರದಿದ್ದರೆ ಮರಿ ಡಾಕ್ಟರ ತರಬೇತಿ ಇಂದಿಗೇ ಮುಗಿಯಬಹುದು. ಯಾಕೆ ಎನ್ನುವ ಮೊದಲು ಈ ಅಕ್ಕ ಯಾರೆಂದು ಹೇಳಬೇಕು.

ಆಸ್ಪತ್ರೆಯಲ್ಲಿ ಇವರಿಗೆ ಗೆರೆಯಕ್ಕ ಎಂದೇ ಹೆಸರು. ಹೊಸ ಔಷಧಿಗಳನ್ನೂ ಚಿಕಿತ್ಸೆಗಳನ್ನೂ ಒರೆಗೆ ಹಚ್ಚುವ ಸಂಶೋಧನಾ ವಿಭಾಗದಲ್ಲಿ ಇಪ್ಪತ್ತಾರು ವರ್ಷದ ದುಡಿಮೆ. ವೈದ್ಯಕೀಯ ಓದು ಮುಗಿಸಿ ಸಂಶೋಧನೆಯ ದಾರಿ ಹಿಡಿಯುವ ಯುವ ವೈದ್ಯರಿಗೆ ಇಲ್ಲಿ ಮೂರು ವರ್ಷದ ತರಬೇತಿ ಇದೆ. ಒಬ್ಬೊಬ್ಬರಿಗೂ ಒಬ್ಬ ಪ್ರೊಫೆಸರ್ ಮಾರ್ಗದರ್ಶಕರು. ಪ್ರೊಫೆಸರುಗಳು ವಾರಕ್ಕೊಮ್ಮೆ ಸಿಗುತ್ತಾರೆ, ಗೆರೆಯಕ್ಕ ದಿನಾ ಸಿಗುತ್ತಾರೆ. ರೋಗಿಯ ಒಪ್ಪಿಗೆ ಕೇಳುವುದು ಹೇಗೆ, ಕೈ ನಡುಗುವ ಅಜ್ಜಿಯ ನರ ಹುಡುಕುವುದು ಹೇಗೆ, ರಕ್ತ ತೆಗೆದ ಅರ್ಧ ಗಂಟೆಯೊಳಗೆ ಅದನ್ನು ಯಂತ್ರದಲ್ಲಿ ತಿರುಗಿಸಿ ಫ್ರೀಜರಿಗೆ ಸೇರಿಸುವುದು ಹೇಗೆ, ಇದೆಲ್ಲ ಈ ಕೋಣೆಯ ಪಾಠ. ಇಲ್ಲಿಯವರೆಗೆ ನಲವತ್ತೊಂದು ಮಂದಿ ಇವರ ಕೈಕೆಳಗೆ ಪಳಗಿ ಹೋಗಿದ್ದಾರೆ. ಅವರಲ್ಲಿ ಕೆಲವರು ಈಗ ತಾವೇ ಪ್ರೊಫೆಸರುಗಳು. ಅವರ ಪ್ರಬಂಧಗಳ ಕೊನೆಯಲ್ಲಿ, ಭೂತಗನ್ನಡಿ ಹಿಡಿದರೆ ಕಾಣುವ ಅಕ್ಷರದಲ್ಲಿ, 'ಶುಶ್ರೂಷಾ ಸಿಬ್ಬಂದಿಗೆ ಧನ್ಯವಾದ' ಎಂದಿರುತ್ತದೆ. ಅದೇ ಇವರು.

ಈ ಕೆಲಸವನ್ನು ಗೆರೆಯಕ್ಕ ಬಯಸಿ ಪಡೆದದ್ದಲ್ಲ. ವಾರ್ಡಿನಲ್ಲಿ ರೋಗಿಗಳನ್ನು ಎತ್ತಿ ಇಳಿಸಿ ಮೂವತ್ತಮೂರಕ್ಕೇ ಸೊಂಟ ಕೈಕೊಟ್ಟಿತು. "ಭಾರ ಎತ್ತಕ್ಕೆ ಆಗಲ್ಲ ಅಂದೆ, ಕಾಗದ ಎತ್ತು ಅಂತ ಇಲ್ಲಿಗೆ ತಳ್ಳಿದ್ರು. ಕಾಗದ ಎಷ್ಟು ಭಾರ ಅಂತ ಆಮೇಲೆ ಗೊತ್ತಾಯ್ತು," ಎಂದು ನಗುತ್ತಾರೆ. ಅಂದಿನಿಂದ ಮನೆಯಲ್ಲಿ ನೀರಿನ ಬಿಂದಿಗೆ ಎತ್ತುವುದು ದರ್ಜಿ ಗಂಡ.

ಗೆರೆಯಕ್ಕ ಎಂಬ ಹೆಸರು ಬಂದದ್ದು ಕೋಣೆಯ ಒಂದು ಕಟ್ಟುನಿಟ್ಟಿನಿಂದ. ಇಲ್ಲಿ ಪೆನ್ಸಿಲ್ ಇಲ್ಲ, ರಬ್ಬರ್ ಇಲ್ಲ, ಬಿಳಿ ಬಳಿಯುವ ಶಾಯಿಯಂತೂ ಬಾಗಿಲ ಹೊರಗೇ. ಬರೆದದ್ದು ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ, ಕೆಳಗಿನ ತಪ್ಪು ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು, ಸಹಿ, ದಿನಾಂಕ. ಈ ಗೀಳು ಮನೆಗೂ ಅಂಟಿದೆ. ರಕ್ತದೊತ್ತಡದ ಮಾತ್ರೆ ನುಂಗಿದ ಹೊತ್ತು ಬರೆಯಲು ಅಡುಗೆಮನೆಯ ಗೋಡೆಗೆ ಒಂದು ಹಾಳೆ ತೂಗುಹಾಕಿದ್ದಾರೆ. ಗಂಡ ಒಂಬತ್ತೂವರೆಗೆ ನುಂಗಿ ಎಂಟು ಎಂದು ಬರೆದು ಸಿಕ್ಕಿಬಿದ್ದರೆ, ಗೆರೆ ಎಳೆದು ಸಹಿ ಹಾಕದೆ ಬಿಡುಗಡೆಯಿಲ್ಲ. "ಮದುವೆ ದಿನ ಕೂಡ ಇಷ್ಟು ಸಹಿ ಹಾಕಿರಲಿಲ್ಲ," ಎಂಬುದು ಗಂಡನ ಅಳಲು.

ತಮಾಷೆಯ ಹಿಂದೆ ಒಂದು ನೋವಿದೆ. ಮೇಜಿನ ಎರಡನೆಯ ಡ್ರಾಯರಿನಲ್ಲಿ ಹಳದಿಗಟ್ಟಿದ ಹಾಳೆಯೊಂದಿದೆ, ರೋಗಿಯ ಹೆಸರು ಕತ್ತರಿಸಿ ತೆಗೆದದ್ದು. ಹೊಸದಾಗಿ ಬಂದ ಪ್ರತಿ ವೈದ್ಯರಿಗೂ ಮೊದಲ ದಿನ ಗೆರೆಯಕ್ಕ ಅದನ್ನು ತೋರಿಸಿ, "ಇದು ನನ್ನದು," ಎನ್ನುತ್ತಾರೆ. ಈ ವಿಭಾಗಕ್ಕೆ ಬಂದ ಮೊದಲ ವರ್ಷ, ಔಷಧಿ ಪರೀಕ್ಷೆಯಲ್ಲಿದ್ದ ಹಿರಿಯರೊಬ್ಬರ ರಕ್ತದೊತ್ತಡವನ್ನು ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಬೇಕಿತ್ತು. ಅವರಿಗೆ ಮನೆಗೆ ಹೋಗುವ ಅವಸರ. ಗೆರೆಯಕ್ಕ ಕೂರಿಸಿದಾಗ ಬಂದ ಅಂಕಿಯನ್ನೇ ಎರಡೂ ಕಡೆ ಬರೆದರು. ಮೂರನೆಯ ದಿನ ಆ ಹಿರಿಯರು ಎದ್ದು ನಿಲ್ಲುವಾಗ ತಲೆ ತಿರುಗಿ ಬಿದ್ದು ಸೊಂಟ ಮುರಿದುಕೊಂಡರು.

"ನಿಲ್ಲಿಸಿ ನೋಡಿದ್ದಿದ್ರೆ ಒತ್ತಡ ಇಳೀತಿರೋದು ಅವತ್ತೇ ಕಾಣ್ತಿತ್ತು. ಅವರ ಮನೆಗೆ ಹೋಗಿ ಹೇಳಿದೆ. ಅವರು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಇನ್ನು ಮರಿ ಡಾಕ್ಟರ ವಿಷಯ. ಅವಳದು ಸಕ್ಕರೆ ಕಾಯಿಲೆಯ ಮಾತ್ರೆಯೊಂದರ ಅಧ್ಯಯನ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಮಾತ್ರೆ ನುಂಗಿದ ಮೇಲೆ ಮೂರು ಸಲ, ನಿಗದಿತ ಹೊತ್ತಿಗೆ ರಕ್ತ ತೆಗೆಯಬೇಕು. ಅವಳು ಅಚ್ಚುಕಟ್ಟಿನ ಹುಡುಗಿ. ಬೆಳಗ್ಗೆ ಗಡಿಬಿಡಿ ಬೇಡವೆಂದು ಹಿಂದಿನ ಸಂಜೆಯೇ ಫಾರಂಗಳಲ್ಲಿ ಹೊತ್ತು ತುಂಬಿಸಿಡುತ್ತಿದ್ದಳು. ಆರು, ಆರೂವರೆ, ಏಳು, ಎಂಟು. ಮರುದಿನ ಒಬ್ಬರ ನರ ಸಿಗುವುದು ತಡವಾಗುತ್ತಿತ್ತು, ಇನ್ನೊಬ್ಬರು ಶೌಚಾಲಯಕ್ಕೆ ಹೋಗಿರುತ್ತಿದ್ದರು. ಫಾರಂ ಮಾತ್ರ ಹಾಗೇ ಉಳಿಯುತ್ತಿತ್ತು.

ಹನ್ನೊಂದು ಫಾರಂ ಕೈಗೆ ಬಂದಾಗ ಗೆರೆಯಕ್ಕನಿಗೆ ಒಂದೂ ತಪ್ಪು ಕಾಣಲಿಲ್ಲ. ಅದೇ ಅನುಮಾನ ಹುಟ್ಟಿಸಿತು. "ನಾಲ್ಕು ಸಲ ಸೂಜಿ ಚುಚ್ಚಿಸಿಕೊಂಡ ಮನುಷ್ಯನ ಬೆಳಗ್ಗೆ ಇಷ್ಟು ನೆಟ್ಟಗಿರಲ್ಲ ಮಗಳೇ," ಎಂದರು. ಹುಡುಗಿಯ ಮುಖ ಬಿಳಿಚಿತು. ಯಾರಿಗೆ ಗೊತ್ತಾಗುತ್ತೆ ಅಕ್ಕಾ, ಎಂದು ಅಂಗಲಾಚಿದಳು. "ನಿನಗೆ ಗೊತ್ತು. ಈಗ ನನಗೂ ಗೊತ್ತು. ಸಮಿತಿಗೆ ನೀನು ಬರೀತೀಯೋ, ನಾನು ಬರೀಲೋ? ನೀನೇ ಬರೆದ್ರೆ ನನಗೆ ಸಂತೋಷ."

ಅವಳೇ ಬರೆದಳು. ತರಬೇತಿ ಸಮಿತಿಯ ಮುಂದೆ ಅವಳು ನಿಂತಿದ್ದಷ್ಟು ಹೊತ್ತೂ ಗೆರೆಯಕ್ಕ ಹೊರಗಿನ ಬೆಂಚಿನಲ್ಲಿ ಕೂತಿದ್ದರು, ಒಳಗೆ ಅವರಿಗೆ ಪ್ರವೇಶವಿಲ್ಲ. ಸಮಿತಿ ಆರು ವಾರ ಕೊಟ್ಟಿತು. ಹನ್ನೊಂದು ಮಂದಿಗೂ ತಪ್ಪು ತಿಳಿಸಬೇಕು, ಹೊಸದಾಗಿ ಒಪ್ಪಿಗೆ ಕೇಳಬೇಕು, ಒಂಬತ್ತು ಮಂದಿಯಾದರೂ ಮತ್ತೆ ರಕ್ತ ಕೊಟ್ಟರೆ ಅಧ್ಯಯನವೂ ಅವಳ ತರಬೇತಿಯೂ ಮುಂದುವರಿಯುತ್ತವೆ. ಎಂಟು ಮಂದಿ ಬಂದುಹೋಗಿದ್ದಾರೆ. ಇಬ್ಬರು ಸಾಕಮ್ಮಾ ನಿಮ್ಮ ಸಹವಾಸ ಎಂದಿದ್ದಾರೆ. ಉಳಿದವರು ಈ ಚಾಲಕರು, ಉಳಿದ ದಿನ ಇವತ್ತು.

ಆರೂ ಇಪ್ಪತ್ತಕ್ಕೆ ಅವರು ಬರುತ್ತಾರೆ, ಸಿಡುಕುತ್ತಲೇ. "ಒಂದು ಹನಿ ಚಹಾ ಬಿದ್ದಿಲ್ಲ ಬಾಯಿಗೆ. ಹೋದ ಸಲ ತೆಗೆದ ರಕ್ತ ಏನ್ಮಾಡಿದ್ರಿ, ಚೆಲ್ಲಿದ್ರಾ?"

ಮರಿ ಡಾಕ್ಟರ್ ಗೆರೆಯಕ್ಕನ ಮುಖ ನೋಡುತ್ತಾಳೆ. ನಿನ್ನೆಯೇ ಅಪ್ಪಣೆಯಾಗಿದೆ: "ನಿನ್ನ ಸೀಟಿನ ಕಥೆ ಅವರ ಮುಂದೆ ಎತ್ತಬೇಡ. ಅದು ಅವರ ತಲೆನೋವಲ್ಲ. ಬೇಡ ಅನ್ನೋ ದಾರಿ ಮೊದಲು ತೋರಿಸು, ಕುರ್ಚಿ ಆಮೇಲೆ." ಹುಡುಗಿ ಕೋಣೆಯ ಬಾಗಿಲು ಪೂರ್ತಿ ತೆರೆದಿಡುತ್ತಾಳೆ.

"ನೀವು ಈಗಲೇ ಎದ್ದು ಹೋಗಬಹುದು, ಯಾರೂ ಏನೂ ಅನ್ನಲ್ಲ. ನಿಮ್ಮ ಚಿಕಿತ್ಸೆಗೂ ತೊಂದರೆಯಿಲ್ಲ. ತಪ್ಪು ನಂದು. ರಕ್ತ ತೆಗೆಯೋ ಮೊದಲೇ ಟೈಮ್ ಬರೆದಿಟ್ಟಿದ್ದೆ. ಅದಕ್ಕೇ ನೀವು ಅವತ್ತು ಕೊಟ್ಟ ರಕ್ತ ಲೆಕ್ಕಕ್ಕೆ ಬರಲಿಲ್ಲ. ಕ್ಷಮಿಸಿ."

ಚಾಲಕರು ತೆರೆದ ಬಾಗಿಲನ್ನು ನೋಡುತ್ತಾರೆ. ಇನ್ನೇನು ಎದ್ದೇ ಬಿಟ್ಟರು ಎನಿಸುತ್ತದೆ. ಟ್ಯೂಬುಗಳನ್ನು ಜೋಡಿಸುತ್ತಿದ್ದ ಗೆರೆಯಕ್ಕನ ಕೈ ಅಲ್ಲೇ ನಿಲ್ಲುತ್ತದೆ.

"ನಾವೂ ಡಿಪೋದಲ್ಲಿ ಹಾಗೇ ಮಾಡ್ತಿದ್ವಿ ಕಣಮ್ಮಾ," ಎನ್ನುತ್ತಾರೆ ಚಾಲಕರು ಕೊನೆಗೆ. "ಬಸ್ ಹೊರಡೋ ಮೊದಲೇ ತಲುಪಿದ ಟೈಮ್ ಬರೀತಿದ್ವಿ. ಬಸ್ ಮಾತ್ರ ತನಗೆ ಬೇಕಾದಾಗ ತಲುಪ್ತಿತ್ತು. ಮೂವತ್ತು ವರ್ಷದಲ್ಲಿ ಒಬ್ಬನೂ ಪ್ಯಾಸೆಂಜರ್ ಹತ್ರ ಬಂದು ತಪ್ಪಾಯ್ತು ಅನ್ನಲಿಲ್ಲ." ಅಂಗಿಯ ಎಡತೋಳು ಮಡಚುತ್ತಾರೆ. "ತಗೋ. ಆಮೇಲೆ ಚಹಾ ನಿಂದು."

ಹೊಸ ಒಪ್ಪಿಗೆಯ ಹಾಳೆ ಓದಿ ಹೇಳಿ, ಸಹಿ ಪಡೆದು, ಸೂಜಿ ಚುಚ್ಚಿದ ಮೇಲೆ ಹುಡುಗಿ ಮೊದಲು ಗೋಡೆಯ ಗಡಿಯಾರ ನೋಡುತ್ತಾಳೆ, ಆಮೇಲೆ ಬರೆಯುತ್ತಾಳೆ. ಆರು ಗಂಟೆ ನಲವತ್ತಮೂರು ನಿಮಿಷ. ಗೆರೆಯಕ್ಕ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತಾರೆ. ಒಮ್ಮೆ ಒರೆಸಿದರೆ ಸಾಕಾಗುವುದಿಲ್ಲ.

ಒಂಬತ್ತಕ್ಕೆ ಚಾಲಕರು ಉಳಿದ ಮೂರು ಸಲದ ರಕ್ತವನ್ನೂ ಕೊಟ್ಟು, ಚಹಾ ಕುಡಿದು ಹೊರಟುಹೋಗಿದ್ದಾರೆ. ಮರಿ ಡಾಕ್ಟರ್ ತನ್ನ ಹಳೆಯ ಫಾರಂ ಒಂದರ ಪ್ರತಿ ತಂದಿದ್ದಾಳೆ, ರೋಗಿಯ ಹೆಸರಿದ್ದ ಭಾಗ ಕತ್ತರಿಸಿ. ನಾಲ್ಕು ಹೊತ್ತಿನ ಮೇಲೂ ಒಂದೊಂದು ಗೆರೆ, ಪಕ್ಕದಲ್ಲಿ 'ನಿಜವಾದ ಹೊತ್ತು ಗೊತ್ತಿಲ್ಲ', ಸಹಿ, ದಿನಾಂಕ. ಎರಡನೆಯ ಡ್ರಾಯರ್ ಎಳೆದು ಅದನ್ನು ಹಳದಿ ಹಾಳೆಯ ಮೇಲೆ ಇಡುತ್ತಾಳೆ.

ನಿವೃತ್ತಿಯ ದಿನ ಏನು ಉಡುಗೊರೆ ಬೇಕೆಂದು ಕೇಳಿದರೆ ಗೆರೆಯಕ್ಕ ಆ ಡ್ರಾಯರಿನ ಕಡೆ ನೋಡುತ್ತಾರೆ.

"ಇಪ್ಪತ್ತಾರು ವರ್ಷ ಆ ಡ್ರಾಯರಲ್ಲಿ ನಂದೊಂದೇ ಇತ್ತು. ನಾನು ಹೋದ ಮೇಲೆ ಅದಕ್ಕೆ ಬೀಗ ಹಾಕದೇ ಇದ್ರೆ ಸಾಕು."